ಖಾಲಿ ಗೂಟದ ಫೋಟೊ

ಇಪ್ಪತ್ತು ವರ್ಷ ಅತ್-ಬಾಶಿ ಊರಿನ ಮದುವೆಗಳಲ್ಲಿ ಫೋಟೊ ತೆಗೆಯುತ್ತಾ "ಸ್ವಲ್ಪ ಒತ್ತಿಕೊಳ್ಳಿ, ಅತ್ತೆಯವರು ಮುಂದೆ ಬನ್ನಿ" ಎಂದು ಕೂಗಿ ಕೂಗಿ ಎಸೆನ್‌ನ ಗಂಟಲು ಒಡೆದ ತಮಟೆಯಾಗಿತ್ತು. ಇನ್ನು ಮನುಷ್ಯರೇ ಇಲ್ಲದ ಫೋಟೊ ತೆಗೆಯುವುದು, ಮನಸ್ಸಿಗೆ ಶಾಂತಿ ಅದರಲ್ಲೇ ಇದೆ ಎಂದು ತೀರ್ಮಾನಿಸಿದ. ನಾರಿನ್ ಪಟ್ಟಣದ ಪ್ರದರ್ಶನಕ್ಕೆ ಫೋಟೊ ಕಳಿಸಲು ಅಂದೇ ಕಡೇ ದಿನ. ಆಯ್ಕೆಯಾದರೆ ಅಲ್ಲಿನ ಕಲಾಶಾಲೆಯಲ್ಲಿ ಮೇಷ್ಟ್ರ ಕೆಲಸ, ಮದುವೆಗಳ ಕಾಟ ತಪ್ಪಿತು.

ಬಯಲಲ್ಲಿ ಬೇಕಾದ್ದು ಸಿಕ್ಕೇಬಿಟ್ಟಿತು: ಕಣ್ಣು ಹಾಯುವಷ್ಟು ದೂರ ಹಿಮ, ನಡುವೆ ಬಂದ ನೆಂಟರು ಕುದುರೆ ಕಟ್ಟುವ ಒಂದೇ ಒಂದು ಗೂಟ. "ಗೆದ್ದೆ!" ಎಂದು ಕ್ಯಾಮೆರಾ ನಿಲ್ಲಿಸಿದ.

ಅವನ ಬೆನ್ನ ಹಿಂದಿದ್ದ ಮನೆಯಿಂದ ಬುರುಲಜ್ಜಿ ಓಡಿ ಬಂದಳು. "ಏನಪ್ಪಾ, ಈ ಚಳೀಲಿ ಒಬ್ನೇ ನಿಂತಿದ್ದೀಯ? ಕಾರು ಕೆಟ್ಟೋಯ್ತಾ? ಹೆಂಡ್ತಿ ಓಡಿಸಿದ್ಲಾ?"

"ಇಲ್ಲಜ್ಜಿ, ನಿಮ್ಮ ಗೂಟದ ಫೋಟೊ ತೆಗೀತಿದ್ದೀನಿ."

"ಬರೀ ಗೂಟಾನಾ? ಈ ಮನೆಗೆ ಒಬ್ಬ ನೆಂಟನೂ ಬರಲ್ಲ ಅಂತ ಊರಿಗೆಲ್ಲ ಡಂಗುರ ಹೊಡೀತೀಯಾ? ಲೋ ತಾಶ್ತನ್, ನಿನ್ನ ಕುದುರೆ ತಂದು ಕಟ್ಟೋ!"

ಪಕ್ಕದ ಮನೆಯ ತಾಶ್ತನ್ ಕುದುರೆ ಕಟ್ಟಿದ. ಎಸೆನ್ ಅದನ್ನು ಬಿಚ್ಚಿಸುವಷ್ಟರಲ್ಲಿ ತಾಶ್ತನ್‌ನ ಅಣ್ಣ ಇನ್ನೆರಡು ತಂದ. ಅತ್ತಿಗೆ ಉಪ್ಪು ಚಹಾ ತಂದು ಕ್ಯಾಮೆರಾದ ಮುಂದೆಯೇ ನಿಂತಳು. ಶಾಂತಿ ಅನ್ನುವುದು ಮೈಲಿ ದೂರ ಓಡಿತ್ತು.

"ಕಾಲಿಗೆ ಬೀಳ್ತೀನಿ ಅಜ್ಜಿ, ಒಂದೇ ನಿಮಿಷ! ಯಾರ ಮನೆ ಗೂಟ ಅಂತ ಯಾರಿಗೂ ಗೊತ್ತಾಗಲ್ಲ."

ಅಜ್ಜಿಗೆ ಅಯ್ಯೋ ಅನ್ನಿಸಿತು. ಕುದುರೆ, ಜನ, ಚಹಾ ಎಲ್ಲವೂ ಅವನ ಬೆನ್ನ ಹಿಂದೆ ಸರಿದವು. ಗಾಳಿ ನಿಂತಿತು. ಎಸೆನ್‌ಗೆ ತನ್ನ ಉಸಿರು ತನಗೇ ಕೇಳಿಸಿತು. ಎಷ್ಟೋ ವರ್ಷಕ್ಕೆ ಎದೆ ಹಗುರವಾಯಿತು. ಕ್ಲಿಕ್ಕಿಸಿ, ಮೊಬೈಲಿನಿಂದ ಆಗಲೇ ಕಳಿಸಿದ.

ಹತ್ತೇ ನಿಮಿಷದಲ್ಲಿ ಪ್ರದರ್ಶನದ ಯಜಮಾನರ ಫೋನು. "ಫೋಟೊ ನೋಡಿ ಕಣ್ಣಲ್ಲಿ ನೀರು ಬಂತು ಕಣಯ್ಯಾ."

"ಹಾಗಾದ್ರೆ ಆಯ್ಕೆ ಆಯ್ತಾ ಸಾರ್?"

"ಆಯ್ಕೆನಾ? ಆ ಗೂಟ ಕೆತ್ತಿದ್ದೇ ನಾನು! ನಮ್ಮ ಬುರುಲಕ್ಕನ ಮನೆಗೆ ಈಗ ಯಾರೂ ಬರ್ತಿಲ್ವಾ? ಮನೆ ಮಾನಾನ ಗೋಡೆಗೆ ನೇತು ಹಾಕೋಕಾಗುತ್ತಾ? ಅಳಿಸಿಹಾಕ್ದೆ. ಬಳಗಕ್ಕೆಲ್ಲ ಫೋನ್ ಮಾಡಿದ್ದೀನಿ, ಎಲ್ರೂ ಹೊರಟಿದ್ದೀವಿ. ನೀನು ಅಲ್ಲೇ ಇರು!"

ಸಂಜೆಯೊಳಗೆ ಅರವತ್ತು ಜನ, ಮೂವತ್ತು ಕುದುರೆ, ಏಳು ಕಾರು ಬಂದು ಇಳಿದವು. ಅಜ್ಜಿಯ ಮುಖ ಊರಗಲ. "ಎಲ್ರನ್ನೂ ಸೇರಿಸಿ ಒಂದು ಫೋಟೊ ತೆಗಿಯಪ್ಪಾ!"

ಯಜಮಾನರು ಅಕ್ಕನ ಪಕ್ಕ ನಿಂತು ಮೀಸೆ ತೀಡಿದರು. ಎಸೆನ್‌ಗೆ ಅಳು ಬಂತು. ಆದರೂ ಗಂಟಲು ತಾನಾಗಿಯೇ ಕೂಗಿತು:

"ಸ್ವಲ್ಪ ಒತ್ತಿಕೊಳ್ಳಿ, ಅಜ್ಜಿ ಮುಂದೆ ಬನ್ನಿ. ಅಯ್ಯೋ, ಗೂಟ ಕಾಣ್ತಿಲ್ಲ!"

"ಗೂಟ ಯಾರಿಗೆ ಬೇಕೋ," ಅಂದಳು ಅಜ್ಜಿ, "ತೆಗಿ!"