ಫಿನ್‌ಲೆಂಡಿನವನ ಕಿಸೆಯಲ್ಲಿ ಉಳ್ಳಾಗಡ್ಡಿ

ಚಳಿ ದೇಶದವರಿಗೆ ತಮ್ಮ ಹಿಮದ ಬಗ್ಗೆ ಎಷ್ಟು ಹೆಮ್ಮೆಯೋ, ನಮಗೆ ನಮ್ಮ ಬಿಸಿಲಿನ ಬಗ್ಗೆ ಅದಕ್ಕಿಂತ ಒಂದು ಕೈ ಹೆಚ್ಚು. ನಾನು ಹುಟ್ಟಿದ್ದು ಕಲಬುರಗಿಯಲ್ಲಿ, ಅನ್ನ ಉಣ್ಣುತ್ತಿರುವುದು ಹೈದರಾಬಾದಿನಲ್ಲಿ. ಅಂದರೆ ಒಂದು ಹಂಚಿನ ಮೇಲಿಂದ ಎದ್ದು ಇನ್ನೊಂದು ಹಂಚಿನ ಮೇಲೆ ಕೂತವನು. ಬೆಂಗಳೂರಿನ ನೆಂಟರು ಏಪ್ರಿಲಿನಲ್ಲಿ ಬಂದು "ಉಸ್ಸಪ್ಪಾ" ಅಂದರೆ ನನಗೆ ಒಳಗೊಳಗೇ ಖುಷಿ. "ಇದೇನ್ ಬಿಸಲ್ರೀ, ಮೇ ತಿಂಗಳಾಗ ಬರ್ರಿ, ತೋರಸ್ತೀನಿ" ಎಂದು, ಬಿಸಿಲನ್ನು ನಾನೇ ನಾಚಾರಂನ ನಮ್ಮ ಶೆಡ್ಡಿನಲ್ಲಿ ತಯಾರು ಮಾಡಿಸಿದವನಂತೆ ಹೇಳುತ್ತಿದ್ದೆ.

ಆ ಶೆಡ್ಡಿನಲ್ಲಿ ನಾವು ನಿಜವಾಗಿ ತಯಾರು ಮಾಡುವುದು ನೀರಿನ ಪೈಪುಗಳಿಗೆ ಹಾಕುವ ವಾಲ್ವ್. ನಾನು ಅವುಗಳನ್ನು ಪರೀಕ್ಷೆ ಮಾಡುವ ವಿಭಾಗದವನು. ಹೋದ ಮೇ ತಿಂಗಳಲ್ಲಿ ಫಿನ್‌ಲೆಂಡಿನಿಂದ ಯುಹಾನಿ ಎಂಬ ಇಂಜಿನಿಯರ್ ಬರುವುದೆಂದಾಯಿತು. ಅವನು ಎದುರು ನಿಂತು ಪರೀಕ್ಷೆ ನೋಡಿ ಹೂಂ ಅಂದರೆ ದೊಡ್ಡ ಆರ್ಡರ್. ಊಹೂಂ ಅಂದರೆ ಶೆಡ್ಡಿನ ಅರ್ಧ ಜನ ಮನೆಗೆ. ಆ ಅರ್ಧದಲ್ಲಿ ನಾನೂ ಇದ್ದೆ. ಹಿಂದೆ ಇಂಥದೇ ತಣ್ಣನೆಯ ದೇಶದವನೊಬ್ಬ ಬಂದು, ಗೇಟಿನಿಂದ ಶೆಡ್ಡಿಗೆ ನಡೆಯುವಷ್ಟರಲ್ಲಿ ಬಿಸಿಲು ಬಡಿದು ಹೋಟೆಲಿನಲ್ಲಿ ಮಲಗಿ, ಅಲ್ಲಿಂದಲೇ ವಿಮಾನ ಹತ್ತಿದ್ದ. ಆರ್ಡರೂ ಅವನ ಜೊತೆಗೇ ಹತ್ತಿಕೊಂಡು ಹೋಗಿತ್ತು. ಹಾಗಾಗಿ ನಮ್ಮ ಮಾಲೀಕರು ನನ್ನನ್ನು ಕರೆದು, "ಪಾಟೀಲ್ ಗಾರೂ, ವಾಲ್ವ್ ಚಿಂತೆ ಬಿಡಿ, ಅದು ಚೆನ್ನಾಗೇ ಇದೆ. ಮನುಷ್ಯನನ್ನು ಮಾತ್ರ ಜೋಪಾನ ಮಾಡಿ. ಕರಗಬಾರದು" ಅಂದರು.

ಅಂದಿನಿಂದ ನಾನು ಭೂಗೋಳದ ವಿದ್ಯಾರ್ಥಿಯಾದೆ. ಶಾಲೆಯಲ್ಲಿ ಕರ್ಕಾಟಕ ಸಂಕ್ರಾಂತಿ ವೃತ್ತವನ್ನು ಶ್ರೀಲಂಕಾದ ಕೆಳಗೆ ಎಳೆದು ಬೆನ್ನಿಗೆ ಗುದ್ದು ತಿಂದ ಮೇಲೆ ಆ ಕಡೆ ತಲೆ ಹಾಕಿರಲಿಲ್ಲ. ಈಗ ಹೊಟ್ಟೆಪಾಡು, ಓದಲೇಬೇಕಾಯಿತು. ಫಿನ್‌ಲೆಂಡ್ ಇರುವುದು ಭೂಪಟದ ನೆತ್ತಿಯ ಹತ್ತಿರ. ಅಲ್ಲಿ ಎಲ್ಲಿ ನೋಡಿದರೂ ಕೆರೆ, ಕೆರೆ ಇಲ್ಲದಲ್ಲಿ ಕಾಡು. ನಮ್ಮ ಹೈದರಾಬಾದಿನಲ್ಲಿ ಎಲ್ಲಿ ನೋಡಿದರೂ ಬಂಡೆ, ಬಂಡೆ ಇಲ್ಲದಲ್ಲಿ ಅಪಾರ್ಟ್‌ಮೆಂಟು. ಅವರ ಕೆರೆಗಳು ಚಳಿಗೆ ಗಟ್ಟಿಯಾಗಿ ಜನ ಅವುಗಳ ಮೇಲೆ ನಡೆದಾಡುತ್ತಾರಂತೆ. ನಮ್ಮವು ಬೇಸಿಗೆಗೆ ಒಣಗಿ, ಜನ ಅವುಗಳ ಮೇಲೆ ಕ್ರಿಕೆಟ್ ಆಡುತ್ತಾರೆ. ಆ ದೇಶದ ಉತ್ತರದ ತುದಿಯಲ್ಲಂತೂ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಇದನ್ನು ಗಟ್ಟಿಯಾಗಿ ಓದಿದಾಗ ನನ್ನ ಹೆಂಡತಿ ಸರೋಜಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಮುಳುಗೂದ ಇಲ್ಲಂದ್ರ ಅಲ್ಲಿ ಸಂಜಿ ದೀಪ ಯಾವಾಗ ಹಚ್ಚತಾರ್ರೀ?" ಎಂದು ಕೇಳಿದಳು. ಅಂತೂ ಇಂಥ ದೇಶದ ಮನುಷ್ಯ ಬೆಣ್ಣೆಯ ಉಂಡೆಯೇ ಸರಿ ಎಂದು ತೀರ್ಮಾನಿಸಿ, ಶೆಡ್ಡಿನ ಆಫೀಸು ಕೋಣೆಗೆ ಹೊಸ ಎಸಿ ಹಾಕಿಸಿದೆ. ದೊಡ್ಡ ಛತ್ರಿ ತಂದೆ. ಥರ್ಮಾಸಿನಲ್ಲಿ ಮಜ್ಜಿಗೆಯೂ ತಯಾರಾಯಿತು.

ಬೆಳಿಗ್ಗೆ ಶಂಶಾಬಾದ್ ವಿಮಾನ ನಿಲ್ದಾಣದಲ್ಲಿ ಇಳಿದ ಯುಹಾನಿಯನ್ನು ನೇರ ಮಲ್ಕಾಜ್‌ಗಿರಿಯ ನಮ್ಮ ಮನೆಗೇ ನಾಷ್ಟಾಕ್ಕೆ ಕರೆತಂದೆ. ಆರಡಿ ಮೀರಿದ ಆಳು, ಮಾತು ಭಾಳ ಕಡಿಮೆ. ಗೋಡೆಯ ಮೇಲೆ ಮಂಕಿಟೋಪಿ, ಮಫ್ಲರ್, ಎರಡು ಸ್ವೆಟರ್ ಹಾಕಿಕೊಂಡು ನಿಂತ ನನ್ನ ಫೋಟೋ ನೋಡಿ, "ಇದು ಹಿಮಾಲಯವೇ?" ಎಂದು ಇಂಗ್ಲಿಷಿನಲ್ಲಿ ಕೇಳಿದ. "ಅಲ್ಲ, ನಮ್ಮ ತಾರಸಿ. ಡಿಸೆಂಬರ್" ಅಂದೆ. ಒಳ್ಳೆಯವನು, ನಗದೆ ಉಪ್ಪಿಟ್ಟಿನ ಕಡೆ ತಿರುಗಿದ. ಹೊರಡುವಾಗ ಸರೋಜಾ ಅಡುಗೆಮನೆಯಿಂದ ಎರಡು ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ತಂದಳು. ಬಿಸಿಲಿಗೆ ಹೊರಟವರ ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಟು ಕಳಿಸುವುದು ನಮ್ಮ ಕಡೆಯ ರೂಢಿ. ಅದಿದ್ದರೆ ಬಿಸಿಲು ಬಡಿಯುವುದಿಲ್ಲ ಎಂಬ ನಂಬಿಕೆ. "ತಮ್ಮಾ, ಕಿಸೇದಾಗ ಇಟ್ಕೋ. ತಗೀಬ್ಯಾಡ" ಎಂದು ಆ ಫಿನ್‌ಲೆಂಡಿನವನಿಗೆ ಅಚ್ಚ ಕಲಬುರಗಿ ಮಾತಿನಲ್ಲಿ ಹೇಳಿ, ಕೊನೆಯ ಮಾತನ್ನು ಕೈಸನ್ನೆ ಮಾಡಿ ಮತ್ತೆ ಮತ್ತೆ ಹೇಳಿದಳು. ಅವನು ಒಂದನ್ನು ಎರಡೂ ಕೈಯಿಂದ ತೆಗೆದುಕೊಂಡು ಪ್ಯಾಂಟಿನ ಕಿಸೆಗೆ ಹಾಕಿಕೊಂಡ. ಇನ್ನೊಂದನ್ನು ನನ್ನತ್ತ ಚಾಚಿದಳು. "ಏ, ನನಗ್ಯಾಕ? ನಾ ಕಲಬುರಗಿಯಂವ!" ಅಂದೆ.

ಶೆಡ್ಡಿನಲ್ಲಿ ಅರ್ಧ ಪರೀಕ್ಷೆ ಮುಗಿದಿತ್ತು, ಅಷ್ಟರಲ್ಲಿ ಕರೆಂಟು ಹೋಯಿತು. ಎಸಿ ನಿಂತಿತು, ಫ್ಯಾನು ನಿಂತಿತು, ನನ್ನ ಎದೆಯೂ ನಿಂತಂತಾಯಿತು. ಮೇಲೆ ತಗಡಿನ ಛಾವಣಿ, ಹೊತ್ತು ನಡುಮಧ್ಯಾಹ್ನ. ಜನರೇಟರ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮೆಕ್ಯಾನಿಕ್‌ನನ್ನು ಹುಡುಕಿಕೊಂಡು ರಸ್ತೆಗೆ ಓಡಿದೆ, ಐಸಿಗಾಗಿ ಅಂಗಡಿಗೆ ಓಡಿದೆ, ಐಸುನೀರಿನ ಕೊಡಪಾನ ಹಿಡಿದು ವಾಪಸ್ಸು ಓಡಿಬಂದೆ. ಬಂದು ನೋಡಿದರೆ ಯುಹಾನಿ ಆಫೀಸು ಕೋಣೆ ಬಿಟ್ಟು ಶೆಡ್ಡಿನ ಒಳಮೂಲೆಯ ಬೆಂಚಿನ ಮೇಲೆ, ಅಂಗಿಯ ಗುಂಡಿ ಬಿಚ್ಚಿ, ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕೂತಿದ್ದಾನೆ. ಮುಖ ಕೆಂಪಗೆ ಕೆಂಪು, ಮೈಯೆಲ್ಲ ಬೆವರು, ತುಟಿಯಲ್ಲಿ ಎಂಥದೋ ನಗು. "ಯಪ್ಪಾ, ಮುಗೀತು ಕಥಿ!" ಎಂದು ಇಡೀ ಕೊಡಪಾನವನ್ನು ಅವನ ತಲೆಯ ಮೇಲೆ ಸುರಿದುಬಿಟ್ಟೆ.

ಅವನು ನಿಧಾನವಾಗಿ ಕಣ್ಣು ಬಿಟ್ಟ. "ಧನ್ಯವಾದ. ನಮ್ಮಲ್ಲಿ ನೀರನ್ನು ಕಾದ ಕಲ್ಲಿನ ಮೇಲೆ ಸುರಿಯುತ್ತೇವೆ" ಅಂದ. ಆಮೇಲೆ ಗೊತ್ತಾಯಿತು. ಅವರ ಮನೆಗಳಲ್ಲಿ ಸೌನಾ ಎಂಬ ಮರದ ಕೋಣೆ ಇರುತ್ತದಂತೆ. ಒಲೆ ಹೊತ್ತಿಸಿ, ಕಲ್ಲು ಕಾಯಿಸಿ, ಎಂಬತ್ತು ಡಿಗ್ರಿಯ ಕಾವಿನಲ್ಲಿ ಮನೆಮಂದಿಯೆಲ್ಲ ಬೆವರುತ್ತ ಕೂರುತ್ತಾರಂತೆ, ಅದೂ ಸುಖಕ್ಕಾಗಿ! "ನಿಮ್ಮ ಶೆಡ್ಡು ಚೆನ್ನಾಗಿದೆ. ಕಾವು ಸ್ವಲ್ಪ ಕಡಿಮೆ" ಎಂದೂ ಸೇರಿಸಿದ. ನಮ್ಮ ಮೇ ತಿಂಗಳಿಗೆ ಹುಟ್ಟಿದಾಗಿನಿಂದ ಇಂಥ ಅವಮಾನ ಆಗಿರಲಿಕ್ಕಿಲ್ಲ. ನನಗೆ ಮಾತ್ರ ಹೋದ ಜೀವ ಬಂದಂತಾಗಿ ಅಲ್ಲೇ ಕುಣಿಯಬೇಕೆನ್ನಿಸಿತು. ಎರಡು ದೇಶಗಳ ಮಳೆ, ಗಾಳಿ, ಕೆರೆ, ಕಾಡು ಎಲ್ಲ ಓದಿದ್ದೆ. ಜನ ಬಾಗಿಲು ಹಾಕಿಕೊಂಡು ಒಳಗೆ ಏನು ಮಾಡುತ್ತಾರೆಂದು ವಿಚಾರಿಸಿರಲೇ ಇಲ್ಲ. ಕರೆಂಟು ಬಂತು, ಉಳಿದ ಪರೀಕ್ಷೆಯೂ ಮುಗಿಯಿತು, ಯುಹಾನಿ ಹೂಂ ಅಂದ. ಮಾಲೀಕರು ಗೋಡೆಯ ವೆಂಕಟೇಶ್ವರನ ಫೋಟೋಕ್ಕೆ ಕೈ ಮುಗಿದರು. ಅಬ್ಬಾ, ಶೆಡ್ಡಿನ ಎಲ್ಲರಿಗೂ ನಾಳೆ ಕೆಲಸವಿದೆ ಎಂದು ನಾನು ನಿರಾಳವಾಗಿ ಉಸಿರುಬಿಟ್ಟೆ.

ಅತಿಥಿಯನ್ನು ಕಾರು ಹತ್ತಿಸಲು ಅಂಗಳಕ್ಕೆ ಕಾಲಿಟ್ಟೆ ನೋಡಿ, ಗೇಟು ಎರಡಾಯಿತು, ಯುಹಾನಿ ನಾಲ್ಕಾದ. ಮತ್ತೆ ಕಣ್ಣು ಬಿಟ್ಟಾಗ ನಾನು ಹೊಸ ಎಸಿಯ ಕೋಣೆಯಲ್ಲಿ ಅಂಗಾತ ಮಲಗಿದ್ದೆ. ಅವನಿಗೆಂದು ತಂದ ಮಜ್ಜಿಗೆಯನ್ನು ಮಾಲೀಕರು ನನಗೆ ಕುಡಿಸುತ್ತಿದ್ದರು. ಯುಹಾನಿ ಪಕ್ಕದಲ್ಲಿ ಮೊಣಕಾಲೂರಿ ಕೂತು, ಬೆಳಗಿನಿಂದ ಜೋಪಾನ ಮಾಡಿದ್ದ ಉಳ್ಳಾಗಡ್ಡಿಯನ್ನು ತೆಗೆದು ನನ್ನ ಕಿಸೆಯಲ್ಲಿಟ್ಟ. ಮೇಲೊಮ್ಮೆ ಮೆಲ್ಲಗೆ ತಟ್ಟಿ, ಬೆರಳು ಎತ್ತಿ, ತನಗೆ ಬರುವ ಒಂದೇ ಒಂದು ಕನ್ನಡ ಮಾತು ಹೇಳಿದ: "ತಗೀಬ್ಯಾಡ."

ಈಗ ಬೆಂಗಳೂರಿನ ನೆಂಟರು ಬಂದು "ಉಸ್ಸಪ್ಪಾ" ಅಂದರೆ ನಾನೂ ಅವರ ಜೊತೆಗೇ "ಉಸ್ಸಪ್ಪಾ" ಅನ್ನುತ್ತೇನೆ. ಸರೋಜಾ ಬಾಗಿಲಲ್ಲಿ ನಿಂತು, "ಯಾವ ಊರಿನವ್ರೀ ನೀವು?" ಎಂದು ಕೇಳಿ ನಗುತ್ತಾಳೆ. ನಾನು ಉಳ್ಳಾಗಡ್ಡಿ ಹಾಕಲೆಂದು ಕಿಸೆ ಮುಂದೆ ಮಾಡುತ್ತೇನೆ.