ಮಾವಿನಹಣ್ಣಿಗೊಂದು ಚಾಕು

ಉಗುರು ಸಿಕ್ಕಿಸಿ ಎಷ್ಟು ಎಳೆದರೂ ಚಾಕು ಬಾಯಿ ಬಿಡಲಿಲ್ಲ. ಅನಂತರಾಜು ತುಟಿ ಕಚ್ಚಿಕೊಂಡು ಇನ್ನೊಮ್ಮೆ ಎಳೆದ. ಉಗುರಿನ ತುದಿ ಮುರಿದು ಹಬೀಬನ ಗಲ್ಲಾಪೆಟ್ಟಿಗೆಯ ಮೇಲೆ ಹಾರಿಬಿತ್ತು. ಚಾಕು ಮಾತ್ರ ಸೋತ ಅಭ್ಯರ್ಥಿಯ ಮನೆ ಬಾಗಿಲಿನಂತೆ ಮುಚ್ಚಿಕೊಂಡೇ ಇತ್ತು.

"ಜೋರ್ ಮಾಡ್ಬೇಡಿ ಅಣ್ಣ," ಎಂದ ಅಂಗಡಿಯ ಹಬೀಬ್. "ಹೊಸ ಮಾಲು. ಒಸಿ ನಾಚ್ಕೆ ಐತೆ."

ರಾಮನಗರದ ಪೇಟೆಬೀದಿಯ ಆ ಅಂಗಡಿಯಲ್ಲಿ ಬೀಗ, ಜರಡಿ, ತುರಿಯೋಮಣೆ, ಇಲಿಬೋನು ಎಲ್ಲ ಸೂರಿನಿಂದ ನೇತಾಡುತ್ತಿದ್ದವು. ಅವುಗಳ ಕೆಳಗೆ ತಲೆ ತಗ್ಗಿಸಿ ನಿಂತ ಅನಂತರಾಜುವಿಗೆ ಮೂವತ್ತೈದು ದಾಟಿತ್ತು. ಇದು ಅವನು ಕೊಳ್ಳುತ್ತಿದ್ದ ಮೊದಲ ಜೇಬುಚಾಕು. ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಅವನ ಜೊತೆ ಕೆಲಸ ಮಾಡುವ ಆಫ್ತಾಬನ ಹತ್ತಿರ ಅಂಥದ್ದೊಂದಿತ್ತು. ಮಾವಿನ ಕಾಲ ಬಂತೆಂದರೆ ಊಟದ ಹೊತ್ತಿನಲ್ಲಿ ಆಫ್ತಾಬ್ ದರ್ಬಾರು ನಡೆಸುತ್ತಿದ್ದ. ಯಾರ ಹಣ್ಣಾದರೂ ಅವನ ಚಾಕುವಿಗೇ ಬರಬೇಕು, ಮೊದಲ ಹೋಳು ಅವನಿಗೇ ಸಲ್ಲಬೇಕು. ಅನಂತರಾಜು ಅವನೆದುರು ಕೈಯೊಡ್ಡಲು ಮಾನಕ್ಕಂಜಿ ಸೇಂದೂರ ಮಾವಿನ ಸಿಪ್ಪೆಯನ್ನು ಹಲ್ಲಿನಲ್ಲೇ ಕಿತ್ತು, ಮೊಣಕೈವರೆಗೆ ರಸ ಸುರಿಸಿಕೊಂಡು, ಸಂಜೆಯ ತನಕ ನೊಣ ಓಡಿಸುತ್ತ ಕೆಲಸ ಮಾಡುತ್ತಿದ್ದ. ಈ ಭಾನುವಾರ ಅದಕ್ಕೊಂದು ಕೊನೆ ಕಾಣಿಸಲು ಬಂದಿದ್ದ.

ಹಬೀಬ್ ಮೂರನ್ನು ತೆಗೆದಿಟ್ಟಿದ್ದ. ಕೆಂಪಗಿದ್ದ ಒಂದರಲ್ಲಿ ಕತ್ತರಿ, ಹಲ್ಲುಕಡ್ಡಿ, ಮತ್ತೆ ಯಾತಕ್ಕೆಂದು ಹಬೀಬನಿಗೂ ತಿಳಿಯದ ಒಂದು ಕೊಕ್ಕೆ ಇದ್ದವು. ಇನ್ನೊಂದು ಉದ್ದ ಮೊನೆಯ, ಹಿತ್ತಾಳೆ ಹಿಡಿಯ ಚಾಕು. ಬಾಯಿ ಬಿಡದೆ ಸತಾಯಿಸುತ್ತಿದ್ದ ಮೂರನೆಯದರ ಮರದ ಹಿಡಿಗೆ ಚನ್ನಪಟ್ಟಣದ ಬೊಂಬೆಗಳ ಹಾಗೆ ಅರಗಿನ ಬಣ್ಣ ಬಳಿದಿದ್ದರು. ಅನಂತರಾಜುವಿನ ಮನಸ್ಸು ಇದರ ಮೇಲೇ ನಿಂತಿತ್ತು. ಅಷ್ಟರಲ್ಲಿ ಬೆನ್ನ ಹಿಂದೆ ದನಿ ಕೇಳಿಸಿತು.

"ಯಾವಾಗ್ಲಾ ಮದ್ವೆ?"

ಜರಡಿ ಕೊಳ್ಳಲು ಬಂದಿದ್ದ ಮಾರಕ್ಕ. ದೂರದ ವರಸೆಯಲ್ಲಿ ಅವನಿಗೆ ಅತ್ತೆ. ಆ ಸೀಮೆಯಲ್ಲಿ ಮದುವೆ ಗಂಡು ಅರಿಶಿನ ಹಚ್ಚಿಸಿಕೊಂಡ ಗಳಿಗೆಯಿಂದ ತಾಳಿ ಕಟ್ಟುವ ತನಕ ಮೊನೆಗೆ ನಿಂಬೆಹಣ್ಣು ಚುಚ್ಚಿದ ಚಾಕು ಹಿಡಿದೇ ಇರಬೇಕು, ಗಾಳಿ ಗ್ರಹ ಸೋಕದ ಹಾಗೆ. ಮದುವೆಯಾಗದ ಗಂಡಸು ಅಷ್ಟು ಆಸ್ಥೆಯಿಂದ ಚಾಕು ಆರಿಸುತ್ತಿರುವುದನ್ನು ಕಂಡ ಮಾರಕ್ಕನಿಗೆ ಬೇರೆ ಅರ್ಥ ಹೊಳೆಯಲಿಲ್ಲ.

ಮಾವಿನಹಣ್ಣು ಕುಯ್ಯಲು ಎಂದು ಅನಂತರಾಜು ಹೇಳಿದ. ನಾನು ಕುಡಿಯುವುದೇ ಇಲ್ಲ ಎಂದ ರೋಗಿಯೆದುರು ನಿಂತ ಡಾಕ್ಟರುಗಳ ಹಾಗೆ ಮಾರಕ್ಕನೂ ಹಬೀಬನೂ ಒಬ್ಬರನ್ನೊಬ್ಬರು ನೋಡಿ ನಕ್ಕರು.

"ಇಷ್ಟ್ ವರ್ಸ ಯಾತ್ರಲ್ಲಿ ಕುಯ್ದ್ ತಿಂತಿದ್ದೆ?" ಎಂದಳು ಮಾರಕ್ಕ.

ಹಲ್ಲಿನಲ್ಲಿ ಎಂದ. ನಿಜವೇ ಆದರೂ ನಂಬುವಂತಿರಲಿಲ್ಲ.

ಆಮೇಲೆ ಆಯ್ಕೆ ಅವನ ಕೈಯಲ್ಲಿ ಉಳಿಯಲಿಲ್ಲ. ಮಾರಕ್ಕ ಬೀದಿಯಲ್ಲಿ ಮಾರುವವಳಿಂದ ನಿಂಬೆಹಣ್ಣು ತಂದು ಒಂದೊಂದಾಗಿ ಚುಚ್ಚಿ ನೋಡಿದಳು. ಕತ್ತರಿ ಇರುವುದನ್ನು ಹಿಡಿದು ಹಸೆಮಣೆ ಏರಿದರೆ ಸಂಬಂಧ ಉಳಿಯುತ್ತದಾ ಎಂದು ಕೆಂಪಗಿನದನ್ನು ದೂರ ತಳ್ಳಿದಳು. ಬಣ್ಣದ ಹಿಡಿಯದನ್ನು ಹಬೀಬ್ ಇಕ್ಕಳದಲ್ಲಿ ತೆರೆದುಕೊಟ್ಟ. ಅದರ ಮೊನೆಯಿಂದ ಹಣ್ಣು ಜಾರಿ ಇಲಿಬೋನಿನೊಳಗೆ ಬಿತ್ತು. ಹಿತ್ತಾಳೆ ಹಿಡಿಯದಕ್ಕೆ ಮಾತ್ರ ಹಣ್ಣು, ಹೆತ್ತವರು ನೋಡಿದ ಗಂಡಿಗೆ ಕೊರಳೊಡ್ಡಿದಂತೆ ಒಪ್ಪಿ ಕೂತಿತು. ಬೆಲೆ ಹೆಚ್ಚಾಯಿತು ಎಂದು ಅನಂತರಾಜು ಗೊಣಗಿದ್ದಕ್ಕೆ ಹಬೀಬ್ ಎದೆಯ ಮೇಲೆ ಕೈಯಿಟ್ಟುಕೊಂಡು, ಮದುವೆ ಚಾಕುವಿಗೆ ಚೌಕಾಸಿ ಮಾಡಿದರೆ ತನಗೇನಿಲ್ಲ, ಗಂಡಿಗೇ ಒಳ್ಳೆಯದಲ್ಲ ಎಂದ.

ನಿಂಬೆಹಣ್ಣು ಎಷ್ಟು ಕಿತ್ತರೂ ಬರಲಿಲ್ಲ. ತೆರೆದ ಚಾಕು ಕಿಸೆಗೆ ಹೋಗಲಿಲ್ಲ. ಅದನ್ನು ದೀಪದ ಹಾಗೆ ಎದುರಿಗೆ ಹಿಡಿದುಕೊಂಡೇ ಬಸ್ ಸ್ಟ್ಯಾಂಡಿಗೆ ನಡೆದ. ಗುರುತಿಲ್ಲದವರು ಕೈ ಕುಲುಕಿದರು. ಬಿಡದಿ ಬಸ್ಸಿನಲ್ಲಿ ಕಂಡಕ್ಟರು, ಮದುವೆ ಗಂಡು ನಿಲ್ಲಬಾರದೆಂದು ಕಾಲೇಜು ಹುಡುಗನನ್ನು ಎಬ್ಬಿಸಿ ಸೀಟು ಕೊಡಿಸಿದ.

ಬಸ್ಸು ಹೊರಡುವ ಮೊದಲೇ ಫೋನು ಬಂತು. ಬಿಡದಿಯ ಗಂಗಯ್ಯ, ಹೆಣ್ಣು ಗಂಡು ಕೂಡಿಸುವವನು. ಶಿವರಾತ್ರಿಯಿಂದ ಅನಂತರಾಜುವಿನ ಕರೆಗಳನ್ನೆಲ್ಲ ಕತ್ತರಿಸುತ್ತಿದ್ದವನು ಇವತ್ತು ತಾನಾಗಿ ಮಾಡಿದ್ದ. ಮಾರಕ್ಕನ ಸುದ್ದಿ ಬಸ್ಸಿಗಿಂತ ಮುಂದೆ ಓಡಿತ್ತು.

"ನನ್ಗೊಂದ್ ಮಾತು ಯೋಳ್ದೆ ಗೊತ್ತು ಮಾಡ್ಕಂಡ್ಬುಟ್ಟಲ್ಲಪ್ಪ," ಎಂದು ಗಂಗಯ್ಯ ಹಲುಬಿದ. ಬೈರಮಂಗಲದ ಚೆಲುವಯ್ಯ ಈಗ ತಾನೆ ಫೋನ್ ಮಾಡಿದ್ದನಂತೆ. ಇಷ್ಟು ವಯಸ್ಸಾದರೂ ಯಾರೂ ಒಪ್ಪಿಲ್ಲ ಅಂದಮೇಲೆ ಏನೋ ಐಬು ಇರಬೇಕೆಂದು ಹೋದ ವರ್ಷ ಬೇಡ ಎಂದಿದ್ದವನು, ಬೇರೆಯವರು ಒಪ್ಪಿದ ಗಂಡನ್ನು ಕೈಬಿಟ್ಟೆನಲ್ಲಾ ಎಂದು ಕೊರಗುತ್ತಿದ್ದನಂತೆ.

ಅನಂತರಾಜು ನಿಜ ಹೇಳಲು ಬಾಯಿ ತೆರೆದ. ಚೆಲುವಯ್ಯನ ಮಗಳು ನವ್ಯಶ್ರೀ ಹಾಲಿನ ಡೈರಿಯ ಬಾಗಿಲಲ್ಲಿ ನಿಂತು ನಗುತ್ತಿದ್ದದ್ದನ್ನು ಅವನು ಒಮ್ಮೆ ನೋಡಿದ್ದ. ಆ ನಗು ಮನಸ್ಸಿನಲ್ಲಿ ಒಂದು ವರ್ಷದಿಂದ ಹಾಗೇ ಇತ್ತು. ತೆರೆದ ಬಾಯಿ ಮುಚ್ಚಿದ.

ಹೆಣ್ಣು ಯಾವ ಕಡೆಯದು ಎಂದು ಗಂಗಯ್ಯ ಕೇಳಿದ. ಅನಂತರಾಜು ಕಿಟಕಿಯಾಚೆ ನಿಂತ ಬಸ್ಸಿನ ಬೋರ್ಡು ಓದಿ ಮಾಗಡಿ ಎಂದ. ಹೆಣ್ಣಿಗೆ ಏನು ಕೆಲಸ ಎಂದು ಗಂಗಯ್ಯ ಕೇಳಿದ. ಎದುರಿನ ಕಟ್ಟಡದ ಬೋರ್ಡು ಓದಿ ಬ್ಯಾಂಕು ಎಂದ. ಬಸ್ಸು ಹೊರಟಿದ್ದು ಒಳ್ಳೆಯದಾಯಿತು. ಮುಂದಿನ ಬೋರ್ಡು ಪಶು ಆಸ್ಪತ್ರೆಯದಾಗಿತ್ತು.

ಬಿಡದಿಯಲ್ಲಿ ಗಂಗಯ್ಯ ಸ್ಕೂಟರು ಹಿಡಿದು ಕಾಯುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅನಂತರಾಜು ಬೈರಮಂಗಲದಲ್ಲಿ ಚೆಲುವಯ್ಯನ ನಡುಮನೆಯ ಒಳ್ಳೆಯ ಕುರ್ಚಿಯ ಮೇಲಿದ್ದ. ಚೆಲುವಯ್ಯ ತನ್ನ ಕೈಯಾರೆ ಫ್ಯಾನು ಅವನ ಕಡೆ ತಿರುಗಿಸಿದ. ಮಾಗಡಿಯವರು ಏನು ನೋಡಿ ಒಪ್ಪಿದರು ಎಂದು ವಿಚಾರಿಸಿದ. ಬ್ಯಾಂಕಿನ ಹೆಣ್ಣೇ ಒಪ್ಪಿದೆ ಎಂದಮೇಲೆ ತನಗೆ ಬೇರೆ ವಿಚಾರಣೆ ಬೇಕಿಲ್ಲ ಎಂದು ತಾನೇ ಉತ್ತರವನ್ನೂ ಕೊಟ್ಟುಕೊಂಡ. ಆ ಸಂಬಂಧ ಬಿಟ್ಟು ಬರುವುದಾದರೆ ಈ ತಿಂಗಳೇ ಲಗ್ನ.

ನವ್ಯಶ್ರೀ ಬಾಗಿಲಿಗೆ ಒರಗಿ ನಗುತ್ತ ನಿಂತಿದ್ದಳು. ನಿಂಬೆಹಣ್ಣು ಹಿಡಿದು ಹೆಣ್ಣು ನೋಡಲು ಬಂದ ಗಂಡನ್ನು ಅವಳು ಕಂಡದ್ದು ಇದೇ ಮೊದಲು.

"ಆ ಹುಡ್ಗಿಗೆ ಏನ್ ಹೇಳ್ತೀರಿ?" ಎಂದು ಕೇಳಿದಳು.

"ಏಳಾದೇನೈತೆ, ಫೋನಲ್ಲಿ ಬ್ಯಾಡ ಅಂದ್ರಾಯ್ತು," ಎಂದ ಅನಂತರಾಜು.

ಅವಳ ಮುಖದ ನಗು ಹೋಯಿತು. "ನಾಳೆ ನಂಗೂ ಅಂಥದೊಂದ್ ಫೋನ್ ಬತ್ತದೆ," ಎಂದಳು. ಅಷ್ಟಕ್ಕೇ ಬಿಡದೆ, ಮಾಡುವುದಾದರೆ ಈಗಲೇ ಇಲ್ಲೇ ಮಾಡಲಿ, ಆ ಹುಡುಗಿ ಏನನ್ನುತ್ತಾಳೋ ತಾನೂ ಕೇಳಬೇಕು ಎಂದಳು. ಒಳ್ಳೆಯ ಮಾತು ಎಂದ ಚೆಲುವಯ್ಯ.

ಇಲ್ಲದ ಹುಡುಗಿಯ ನಂಬರು ಎಲ್ಲಿಂದ ತರುವುದು. ಬೆವರಿದ ಬೆರಳಿಗೆ ಮೊದಲು ಸಿಕ್ಕ ಹೆಸರನ್ನು ಒತ್ತಿದ. ಅದು ಆಫ್ತಾಬನದು.

"ನೋಡಿ, ಈ ಮದ್ವೆ ಇಲ್ಲಿಗೇ ನಿಲ್ಸಿಬುಡಣ," ಎಂದ, ಆದಷ್ಟು ಮೆತ್ತಗೆ.

ಆಫ್ತಾಬನಿಗೆ ಮಿಷನ್ನುಗಳ ಸದ್ದಿನ ನಡುವೆ ಮಾತಾಡಿ ರೂಢಿ. ಅವನ ದನಿ ಫೋನಿನಿಂದ ಹೊರಬಿದ್ದು ಹಜಾರ ದಾಟಿ ಕೊಟ್ಟಿಗೆಯವರೆಗೂ ಹೋಯಿತು. "ಲೇ ಅನಂತ, ನಿಂಗ್ ಯಾವನ್ಲಾ ಎಣ್ಣು ಕೊಟ್ಟೋನು? ಅಗಲೊತ್ತಲ್ಲೇ ಎಣ್ಣೆ ಹಾಕಿದ್ಯಾ?"

ಗಂಗಯ್ಯ ಸೂರು ನೋಡತೊಡಗಿದ. ಅನಂತರಾಜು ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಒಪ್ಪಿಸಿಬಿಟ್ಟ: ಮಾವಿನಹಣ್ಣು, ಮಾರಕ್ಕ, ಬಸ್ಸಿನ ಬೋರ್ಡು, ಬ್ಯಾಂಕಿನ ಬೋರ್ಡು. ಮಾಗಡಿಯಲ್ಲಿ ತನಗೆ ಯಾರೂ ಇಲ್ಲ. ಎಲ್ಲಿಯೂ ಇಲ್ಲ.

ನವ್ಯಶ್ರೀ ಒಳಗೆ ಹೋಗಿ ಒಂದು ತಟ್ಟೆ, ಒಂದು ಸೇಂದೂರ ತಂದು ಮುಂದಿಟ್ಟಳು. "ಕುಯ್ರಿ ನೋಡಣ."

ಅವನು ನಿಂಬೆಹಣ್ಣನ್ನು ಹೇಗೋ ಕಿತ್ತು ಚಾಕು ಹಾಕಿದ. ಮಾರಕ್ಕ ನೋಡಿದ್ದು ಮೊನೆ ಮಾತ್ರ, ಅಲಗಿಗೆ ಹರಿತವೇ ಇರಲಿಲ್ಲ. ಹಣ್ಣು ಜಾರಿತು, ಅಪ್ಪಚ್ಚಿಯಾಯಿತು, ಕೊನೆಗೆ ರಸ ಚಿಮ್ಮಿ ಗಂಗಯ್ಯನ ಕನ್ನಡಕಕ್ಕೆ ಬಿತ್ತು. ನವ್ಯಶ್ರೀ ಡೈರಿ ಬಾಗಿಲಲ್ಲಿ ನಕ್ಕಿದ್ದಕ್ಕಿಂತ ಜೋರಾಗಿ ನಕ್ಕಳು.

"ನಿಜಾನೇ ಇರ್ಬೇಕು ಕಣಪ್ಪ," ಎಂದಳು. "ಯಾವ್ ಹುಡ್ಗೀನೂ ಬಿಟ್ಟು ಬಂದಿಲ್ಲ. ನಂದೇನೂ ಅಡ್ಡಿ ಇಲ್ಲ."

ಅನಂತರಾಜುವಿಗೆ ಕುರ್ಚಿ ನೆಲದಿಂದ ಒಂದು ಗೇಣು ಮೇಲೆದ್ದ ಹಾಗಾಯಿತು. ಆದರೆ ಚೆಲುವಯ್ಯ ಎದ್ದುಹೋಗಿ ಫ್ಯಾನನ್ನು ತನ್ನ ಕಡೆಗೆ ತಿರುಗಿಸಿಕೊಂಡ. "ಅಂದ್ರೆ ಮಾಗ್ಡಿಯೋರೂ ಒಪ್ಪಿಲ್ಲ," ಎಂದ. "ಯಾರೂ ಒಪ್ಪದ್ ಗಂಡ್ನ ನಾನ್ಯಾಕ್ ಒಪ್ಲಿ?"

ಗಂಗಯ್ಯ ಕನ್ನಡಕ ಒರೆಸಿಕೊಂಡ. ಕೈಗೆ ಬಂದ ಲಗ್ನವನ್ನು ಹಾಗೆ ಬಿಡುವ ಆಸಾಮಿಯಲ್ಲ. "ಒಂದ್ ವಾರ ಟೈಮ್ ಕೊಡಿ ಗೌಡ್ರೆ. ಮಾಗ್ಡಿ ಕಡೆ ನಿಜವಾಗ್ಲೂ ಒಂದೆಣ್ಣು ಗೊತ್ತು ಮಾಡ್ತೀನಿ. ಆಮೇಕೆ ಅದ ಬುಟ್ಬುಟ್ಟು ಇಲ್ಲಿಗೆ ಬತ್ತಾನೆ. ಆಗ ಒಪ್ಗೆ ತಾನೆ?"

ಆಗಬಹುದು, ಆದರೆ ಬ್ಯಾಂಕಿನ ಹುಡುಗಿಯೇ ಆಗಿರಬೇಕು, ಅದರಲ್ಲಿ ರಿಯಾಯಿತಿ ಇಲ್ಲ ಎಂದ ಚೆಲುವಯ್ಯ.

ಬೆಳಗಿನಿಂದ ಅನಂತರಾಜುವಿಗೆ ಆಗಿದ್ದ ಅನಾಹುತವೆಲ್ಲ ಬಾಯಿ ತೆರೆಯಲು ತಡ ಮಾಡಿದ್ದರಿಂದ. ಈ ಸಲ ತಡ ಮಾಡಲಿಲ್ಲ.

"ಆಯ್ತು ಬುಡಿ, ನಾನ್ ರೆಡಿ," ಎಂದ. "ವಾರ ಯಾಕೆ, ನಾಳೀಕೇ ಓಗಿ ನೋಡ್ಕಂಬಂದ್ಬುಡಣ."

ಚೆಲುವಯ್ಯ ತೃಪ್ತಿಯಿಂದ ಫ್ಯಾನನ್ನು ಮತ್ತೆ ಅವನ ಕಡೆಗೆ ತಿರುಗಿಸಿ, ಮಗಳ ಮುಖ ನೋಡಿದ. "ಕೇಳ್ದೇನವ್ವ? ನಿಂಗೋಸ್ಕರ ಬ್ಯಾಂಕ್ ಹುಡ್ಗೀನೇ ಬುಟ್ಟು ಬತ್ತಾನಂತೆ. ಇಂಥೋನು ಎಲ್ ಸಿಕ್ತಾನೆ? ಊಂ ಅನ್ನು."

ನವ್ಯಶ್ರೀ ತಟ್ಟೆ ಎತ್ತಿಕೊಂಡಳು.

"ಬ್ಯಾಡ ಕಣಪ್ಪ," ಎಂದಳು.