ನಾನು ನೋಡಬಾರದ ಪಂದ್ಯ

ಪ್ರತಿ ಮನೆಯಲ್ಲೂ ಪಂದ್ಯ ನೋಡಬಾರದವನೊಬ್ಬ ಇರುತ್ತಾನೆ. ಉಳಿದವರು ಸೋಫಾದ ಮೇಲೆ, ನೆಲದ ಮೇಲೆ, ಬಾಗಿಲಿಗೆ ಒರಗಿ, ಹೇಗೆ ಬೇಕಾದರೂ ನೋಡಬಹುದು. ಇವನು ಕೋಣೆಗೆ ಕಾಲಿಟ್ಟರೆ ಮಾತ್ರ ವಿಕೆಟ್ ಬೀಳುತ್ತದೆ. ನಮ್ಮ ಮೈಸೂರಿನ ಮನೆಯಲ್ಲಿ ಆ ಹುದ್ದೆ ನನ್ನದಾಗಿತ್ತು. ಅದಕ್ಕೆ ನಾನು ಅರ್ಜಿ ಹಾಕಿರಲಿಲ್ಲ. ಒಮ್ಮೆ ನೀರು ಕುಡಿಯಲೆಂದು ಎದ್ದು ಹೋಗಿ ಮತ್ತೆ ಬಂದು ಕುಳಿತ ಹೊತ್ತಿಗೆ ಸರಿಯಾಗಿ ನಮ್ಮವರು ಒಬ್ಬರ ಹಿಂದೊಬ್ಬರು ಔಟಾದರು, ಅಷ್ಟೇ. ದೊಡ್ಡಪ್ಪ ನನ್ನ ಕಡೆ ತಿರುಗಿ, "ಲೋ, ನೀನು ಹೋಗಿ ಗೋಧಿ ಬೀಸಿಸ್ಕೊಂಡು ಬಾರೋ" ಅಂದರು. ಅಂದಿನಿಂದ ದೊಡ್ಡ ಪಂದ್ಯವಿದ್ದ ದಿನವೆಲ್ಲ ನಮ್ಮ ಮನೆಯಲ್ಲಿ ಹಿಟ್ಟು ಮುಗಿದಿರುತ್ತಿತ್ತು. ದೇಶವೇ ಕುಣಿದಾಡಿದ ಎಷ್ಟೋ ಗೆಲುವುಗಳನ್ನು ನಾನು ಗಿರಣಿಯ ಮುಂದೆ ಚೀಲ ಹಿಡಿದು ನಿಂತು, ಪಟಾಕಿಯ ಸದ್ದಿನಿಂದ ತಿಳಿದುಕೊಂಡಿದ್ದೇನೆ.

ಮದುವೆಯಾದ ಮೇಲೆ ಈ ಖ್ಯಾತಿ ನನಗಿಂತ ಮೊದಲೇ ಮಾವನ ಮನೆಯನ್ನು ತಲುಪಿತ್ತು. ಕೆಲಸಕ್ಕೆಂದು ಕೌಲಾಲಂಪುರಕ್ಕೆ ಬಂದಾಗ, ಸಮುದ್ರ ದಾಟಿದ ಮೇಲಾದರೂ ಬಿಡುಗಡೆ ಸಿಕ್ಕೀತೆಂದುಕೊಂಡೆ. ಅಲ್ಲಿಗೆ ಹತ್ತಿರದ ಪುಚೊಂಗಿನಲ್ಲಿ ಕನ್ನಡದ ಗೆಳೆಯರು ಸೇರಿ ನಮ್ಮ ಊರ ತಂಡದ ಪಂದ್ಯ ನೋಡುತ್ತಿದ್ದರು. ಮೊದಲ ವರ್ಷ ನಾನೂ ಹೋದೆ. ಎರಡನೆಯ ವರ್ಷ ಆಹ್ವಾನ ನನ್ನ ಹೆಂಡತಿ ಸುಧಾಳಿಗೆ ಮತ್ತು ಮಗಳಿಗೆ ಮಾತ್ರ ಬಂತು. "ನೀವು ಬರೋದು ಬೇಡ ಸಾರ್, ತಪ್ಪು ತಿಳ್ಕೋಬೇಡಿ. ನಿಮ್ಮ ಪಾಲಿನ ಬಿಸಿಬೇಳೆಬಾತ್ ತಪಾವ್ ಮಾಡಿ, ಡಬ್ಬಕ್ಕೆ ಕಟ್ಟಿ, ಮೇಡಂ ಕೈಲಿ ಕಳಿಸ್ತೀವಿ" ಎಂದು ಮನೆಯ ಯಜಮಾನರು ಫೋನಿನಲ್ಲಿ ಬಹಳ ಮರ್ಯಾದೆಯಿಂದ ಹೇಳಿದರು. ಬಾತ್ ಚೆನ್ನಾಗಿತ್ತು. ಡಬ್ಬದ ಮೇಲೆ ಬೂಂದಿ ಬೇರೆ ಕಟ್ಟಿ ಕೊಟ್ಟಿದ್ದರು. ಆದರೂ ಒಬ್ಬನೇ ಕುಳಿತು ಆ ಬೂಂದಿಯನ್ನು ಒಂದೊಂದಾಗಿ ಎಣಿಸಿ ತಿಂದೆನೆಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಹೀಗಿರುವಾಗ ಕೊರೊನಾ ಬಂತು. ಮಾಂಟ್ ಕಿಯಾರಾದ ನಮ್ಮ ಕಾಂಡೋದಲ್ಲಿ ಒಬ್ಬರ ಮನೆಗೆ ಇನ್ನೊಬ್ಬರು ಹೋಗುವಂತಿರಲಿಲ್ಲ. ಮಾಮಕ್ ಅಂಗಡಿಯ, ಅಂದರೆ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿನ, ಚಹವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ಬಂದು ಮನೆಯಲ್ಲೇ ಕುಡಿಯಬೇಕು. ಎಲ್ಲರೂ ಬಾಲ್ಕನಿಗಳಲ್ಲಿ ಬದುಕತೊಡಗಿದರು. ನಮ್ಮ ಪಕ್ಕದ ಬಾಲ್ಕನಿಯಲ್ಲಿ ಡೆಕ್ಲನ್ ಎಂಬ ಐರ್ಲೆಂಡಿನವನಿದ್ದ. ಇಲ್ಲಿನ ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಭೂಗೋಳದ ಮೇಷ್ಟ್ರು, ಒಂಟಿ ಆಸಾಮಿ. ಅಲ್ಲಿಯವರೆಗೆ ಲಿಫ್ಟಿನಲ್ಲಿ ತಲೆಯಾಡಿಸುವಷ್ಟೇ ಪರಿಚಯ. ಕೊರೊನಾದ ಎರಡನೆಯ ವರ್ಷದ ಮೇ ತಿಂಗಳ ಒಂದು ಭಾನುವಾರ, ಅವನು ಲ್ಯಾಪ್‌ಟಾಪನ್ನು ಆಕಾಶಕ್ಕೆ ಆರತಿ ಎತ್ತುವವನಂತೆ ಎತ್ತಿ ಹಿಡಿದು ನಿಂತಿದ್ದ. ಅವನ ಇಂಟರ್‌ನೆಟ್ ಕೈಕೊಟ್ಟಿತ್ತು. ಅವನ ಊರಿನ ತಂಡದ ಪಂದ್ಯ ಇನ್ನೇನು ಶುರುವಾಗಲಿತ್ತು. ನಮ್ಮದು ಚೆನ್ನಾಗಿದೆ, ಬೇಕಾದರೆ ನಮ್ಮ ಬಾಲ್ಕನಿಯಲ್ಲೇ ಹಚ್ಚಿಕೊಡುತ್ತೇನೆ ಎಂದೆ. ಇಸ್ತ್ರಿ ಮಾಡುವ ಮೇಜನ್ನು ತಂದು ಎರಡೂ ಬಾಲ್ಕನಿಗಳ ನಡುವಿನ ಮೋಟುಗೋಡೆಗೆ ಒತ್ತಿ ನಿಲ್ಲಿಸಿ, ಅದರ ಮೇಲೆ ನನ್ನ ಲ್ಯಾಪ್‌ಟಾಪನ್ನು ಇಟ್ಟೆ. ಅವನು ಆ ಕಡೆಯಿಂದ ಕತ್ತು ಚಾಚಿ, "ನೀನೂ ಕುಳಿತುಕೋ, ಒಬ್ಬನೇ ನೋಡಲು ಬೇಜಾರು" ಎಂದ.

ಜೀವಮಾನದಲ್ಲಿ ಯಾರೂ ನನಗೆ ಆ ಮಾತು ಹೇಳಿರಲಿಲ್ಲ. ಕುಳಿತೆ. ನನ್ನ ಚರಿತ್ರೆಯನ್ನು ಅವನಿಗೆ ಹೇಳಲಿಲ್ಲ. ಕ್ರಿಕೆಟ್ಟಿನ ದೋಷ ಬೇರೆ ಆಟಕ್ಕೆ ಅಂಟುತ್ತದೆಯೆಂದು ಯಾವ ಶಾಸ್ತ್ರದಲ್ಲಿದೆ?

ಆ ಆಟದ ಹೆಸರು ಗೇಲಿಕ್ ಫುಟ್‌ಬಾಲ್. ಹೆಸರು ಫುಟ್‌ಬಾಲ್ ಎಂದಿದ್ದರೂ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ನಡುನಡುವೆ ನೆಲಕ್ಕೆ ಪುಟಿಸುತ್ತಾರೆ, ಇಲ್ಲವೆ ಕಾಲ್ಬೆರಳಿನಿಂದ ಮತ್ತೆ ಕೈಗೆ ಚಿಮ್ಮಿಸಿಕೊಳ್ಳುತ್ತಾರೆ. ಗೋಲಿನ ಬಲೆಗೆ ಹೊಡೆದರೆ ಮೂರು ಪಾಯಿಂಟು, ಅಡ್ಡಪಟ್ಟಿಯ ಮೇಲಿಂದ ಎರಡು ಕಂಬಗಳ ನಡುವೆ ಹೊಡೆದರೆ ಒಂದು. ಒಂದೊಂದು ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥದ್ದಕ್ಕೆ, ಒಂದೊಂದು ತಂಡ. ಆಡುವವರಿಗೆ ಸಂಬಳವಿಲ್ಲ. ವಾರವೆಲ್ಲ ಅವರವರ ಕೆಲಸ ಮಾಡಿ, ಭಾನುವಾರ ಜಿಲ್ಲೆಯ ಮಾನ ಕಾಯಲು ಬರುತ್ತಾರೆ. ಡೆಕ್ಲನ್‌ನ ಜಿಲ್ಲೆಯ ತಂಡಕ್ಕೆ ಅವನ ತಮ್ಮ ಕೀರನ್ ನಾಯಕ, ವೃತ್ತಿಯಲ್ಲಿ ದನದ ಡಾಕ್ಟರು. ಮಂಡಿ ನೋವು ಹೆಚ್ಚಾಗಿದ್ದರಿಂದ ಇದೇ ಅವನ ಕೊನೆಯ ಲೀಗು. ಹಿಂದಿನ ವರ್ಷ ಚೆನ್ನಾಗಿ ಆಡಿದ್ದರಂತೆ. "ಈ ಸಲ ಮೇಲಿನ ದರ್ಜೆಗೆ ಏರುವುದು ಗ್ಯಾರಂಟಿ" ಎಂದು ಡೆಕ್ಲನ್ ಎದೆ ತಟ್ಟಿಕೊಂಡ. ಜಿಲ್ಲೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಜನಕ್ಕೆ ನನ್ನಿಂದ ಈಗಾಗಲೇ ಸಾಕಷ್ಟಾಗಿದೆ.

ಮೊದಲ ಪಂದ್ಯದಲ್ಲಿ ಅವರು ಆರಾಮವಾಗಿ ಮುಂದಿದ್ದವರು ಕೊನೆಯಲ್ಲಿ ಮುಗ್ಗರಿಸಿ ಸೋತರು. ಆಟಕ್ಕೆ ನಾನು ಹೊಸಬನಾದರೂ ಸಲಹೆ ಕೊಡುವುದರಲ್ಲಿ ಹೊಸಬನಲ್ಲ. ಅರ್ಧ ಪಂದ್ಯ ಮುಗಿಯುವಷ್ಟರಲ್ಲಿ, ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ಡೆಕ್ಲನ್‌ಗೆ ವಿವರಿಸತೊಡಗಿದ್ದೆ. ಮುಂದಿನ ವಾರಕ್ಕೆ "ಒದಿಯೋ, ಒದಿಯೋ!" ಎಂಬ ನನ್ನ ಕೂಗನ್ನು ಅವನೂ ಕಲಿತ. ಪ್ರೇಕ್ಷಕರನ್ನು ಬಿಡದ ಖಾಲಿ ಮೈದಾನದಲ್ಲಿ ಆಡುತ್ತಿದ್ದ ಆ ತಂಡಕ್ಕೆ, ಭೂಮಿಯ ಈ ತುದಿಯಲ್ಲಿ, ಹದಿನಾರನೆಯ ಮಹಡಿಯಿಂದ ಇಬ್ಬರು ಕನ್ನಡದಲ್ಲಿ ಕೂಗುತ್ತಿದ್ದೇವೆಂಬುದು ಗೊತ್ತಿರಲಿಲ್ಲ. ಗೊತ್ತಿದ್ದರೆ ಇನ್ನೂ ಬೇಗ ಸೋಲುತ್ತಿದ್ದರೋ ಏನೋ. ಎರಡನೆಯ ಪಂದ್ಯವೂ ಹೋಯಿತು, ಮೂರನೆಯದೂ ಹೋಯಿತು. ಮೇಲೇರುವ ಮಾತು ಅಲ್ಲಿಗೆ ಮುಗಿದು, ಕೆಳಗಿನ ದರ್ಜೆಗೆ ಬೀಳದಿರಲು ಕೊನೆಯದಾಗಿ ಇನ್ನೊಂದು ಪಂದ್ಯ ಆಡುವ ಗತಿ ಬಂತು. ಅದರಲ್ಲಿ ಸೋತವರು ಕೆಳಕ್ಕೆ.

"ಕೀರನ್ ಫೋನಿನಲ್ಲಿ ಮಾತೇ ಆಡುತ್ತಿಲ್ಲ" ಎಂದು ಡೆಕ್ಲನ್ ಹೇಳಿದ. "ತಂಡವನ್ನು ಕೆಳಕ್ಕೆ ಇಳಿಸಿ ನಿವೃತ್ತನಾದ ನಾಯಕ ಅಂತ ಊರಿನಲ್ಲಿ ಸಾಯುವವರೆಗೂ ಅನ್ನುತ್ತಾರೆ. ದನಕ್ಕೆ ಸೂಜಿ ಹಾಕಲು ಹೋದ ಮನೆಯಲ್ಲೂ ಅನ್ನುತ್ತಾರೆ." ಗಡಿಗಳು ಮುಚ್ಚಿದ್ದವು, ಅವನು ಊರಿಗೆ ಹೋಗುವಂತಿರಲಿಲ್ಲ. ಹೋಗಿದ್ದರೂ ಮೈದಾನದೊಳಗೆ ಬಿಡುತ್ತಿರಲಿಲ್ಲ. ಅವನ ಮುಖ ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು.

ಒಳಗೆ ಬಂದರೆ ಸುಧಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ರೀ, ಅವರಿಗೆ ಹೇಳಿದೀರೋ ಇಲ್ವೋ?"

"ಏನು ಹೇಳೋದು?"

"ನಿಮ್ಮ ವಿಷಯ. ಪಾಪ ರೀ, ಆ ಜನ ನಿಮಗೇನು ಮಾಡಿದ್ರು? ಕ್ರಿಕೆಟ್ ಆದ್ರೆ ನಮ್ಮೋರು, ಹೋಗ್ಲಿ ಅನ್ಬೋದು. ಇವ್ರು ಯಾರೋ ಪರದೇಶದೋರು."

"ಅದೆಲ್ಲ ಮೂಢನಂಬಿಕೆ ಸುಧಾ" ಎಂದೆ, ಮೇಷ್ಟ್ರ ದನಿಯಲ್ಲಿ.

"ಮೂಢನಂಬಿಕೆ ಆದ್ರೆ ಯಾಕೆ ಬೆವರ್ತಿದೀರ?" ಎಂದಳು. ಅಷ್ಟರಲ್ಲಿ ಮಗಳು ಕಿವಿಯಿಂದ ಇಯರ್‌ಫೋನ್ ತೆಗೆದು, "ಅಪ್ಪಾ, ಜಸ್ಟ್ ಡೋಂಟ್ ವಾಚ್ ಲಾ" ಎಂದು ಇಲ್ಲಿನವರ ಇಂಗ್ಲಿಷಿನಲ್ಲಿ ತೀರ್ಪು ಕೊಟ್ಟು ಮತ್ತೆ ಸಿಕ್ಕಿಸಿಕೊಂಡಳು.

ನೋಡದೆ ಇರುವುದಕ್ಕಿಂತ ಮೊದಲು ಇನ್ನೊಂದು ಉಪಾಯವಿತ್ತು. ಕೊನೆಯ ಪಂದ್ಯದ ದಿನ ಸಂಜೆ, ಸುಧಾಳ ಕೈಯಲ್ಲಿ ಲ್ಯಾಪ್‌ಟಾಪಿಗೆ ದೃಷ್ಟಿ ತೆಗೆಸಿದೆ. ಉಪ್ಪು, ಸಾಸಿವೆ, ಒಣಮೆಣಸಿನಕಾಯಿಗಳನ್ನು ಮುಷ್ಟಿಯಲ್ಲಿ ಹಿಡಿದು ಅವಳು ಪರದೆಗೆ ನಿವಾಳಿಸಿದಳು, ನನಗೂ ನಿವಾಳಿಸಿದಳು, ಗೋಡೆಯಾಚೆ ಕೈ ಚಾಚಿ ಏನೂ ಅರಿಯದ ಡೆಕ್ಲನ್‌ಗೂ ನಿವಾಳಿಸಿದಳು. ಅವನು ತಲೆಬಾಗಿ "ಥ್ಯಾಂಕ್ ಯೂ" ಎಂದ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ಅದನ್ನು ಬೆಂಕಿಗೆ ಹಾಕಬೇಕಲ್ಲ? ಅಡುಗೆಮನೆಯ ಒಲೆಯ ಮೇಲೆ ಬಾಣಲೆಯಿಟ್ಟು ಸುರಿದೆವು. ಮೆಣಸಿನಕಾಯಿ ಬ್ಯಾಡಗಿಯದಲ್ಲ, ಇಲ್ಲಿನ ತಮಿಳರ ಅಂಗಡಿಯದು. ಘಾಟು ಕಿಟಕಿಯಿಂದ ಹೊರಟು ಮೇಲಿನ ಮಹಡಿಗೂ ಕೆಳಗಿನ ಮಹಡಿಗೂ ಹಬ್ಬಿತು. ಕೊರೊನಾ ಕಾಲದಲ್ಲಿ ಒಂದು ಕಟ್ಟಡದ ಮೂರು ಮಹಡಿಯ ಜನ ಒಟ್ಟಿಗೆ ಕೆಮ್ಮಿದರೆ ಏನಾಗಬೇಕೋ ಅದೇ ಆಯಿತು. ಗೇಟಿನ ಕಾವಲುಗಾರ ಇಂಟರ್‌ಕಾಮಿನಲ್ಲಿ, "ಬಾಸ್, ಯುವರ್ ಫ್ಲೋರ್ ಎವ್ರಿಬಡಿ ಕಾಫ್, ಹೌ ಲಾ? ಆಲ್ ಮಸ್ಟ್ ಟೆಸ್ಟ್ ಆಹ್?" ಎಂದು ಗಾಬರಿಯಿಂದ ಕೇಳಿದ. ಬರೀ ಮೆಣಸಿನಕಾಯಿ ಎಂದು ಅವನನ್ನು ನಂಬಿಸುವಷ್ಟರಲ್ಲಿ ನನಗೆ ಸಾಕೋಸಾಕಾಯಿತು. ಇಷ್ಟು ಘಾಟು ಬಂದಿದೆಯೆಂದರೆ ದೃಷ್ಟಿಯೇ ಆಗಿಲ್ಲವೆಂದು ಅರ್ಥ, ದೃಷ್ಟಿ ಆಗಿದ್ದರೆ ಘಾಟು ಬರುವುದಿಲ್ಲ ಎಂದು ಸುಧಾ ಮೂಗೊರೆಸಿಕೊಳ್ಳುತ್ತ ಹೇಳಿದಳು. ಅಂದಮೇಲೆ ಉಳಿದ ಕಾರಣ ಒಂದೇ.

ಪಂದ್ಯ ಶುರುವಾಯಿತು. ಕೀರನ್ ಮಂಡಿಗೆ ಪಟ್ಟಿ ಬಿಗಿದುಕೊಂಡು ಮೈದಾನಕ್ಕೆ ಇಳಿದ. ಹತ್ತು ನಿಮಿಷದೊಳಗೆ ಎದುರಾಳಿಗಳು ಒಂದು ಗೋಲು ಹೊಡೆದರು. ನಾನು ಎದ್ದೆ. "ಒಲೆಯ ಮೇಲೆ ಸಾರಿದೆ" ಎಂದು ಡೆಕ್ಲನ್‌ಗೆ ಹೇಳಿ, "ಅವನ ಜೊತೆಗಿರು" ಎಂದು ಸುಧಾಳನ್ನು ನನ್ನ ಕುರ್ಚಿಗೆ ಕಳಿಸಿ ಒಳಗೆ ಬಂದೆ. ಒಳಗಿದ್ದರೂ ದನಿ ಕೇಳಿಸುತ್ತಿತ್ತು. ಕೇಳಿಸಿಕೊಂಡರೂ ದೋಷ ತಟ್ಟುತ್ತದೆಯೇ ಎಂಬುದನ್ನು ದೊಡ್ಡಪ್ಪ ಎಂದೂ ಸ್ಪಷ್ಟಪಡಿಸಿರಲಿಲ್ಲ. ಯಾಕೆ ಬೇಕು ಎಂದು ಮಾಸ್ಕ್ ಹಾಕಿಕೊಂಡು ಮುಂಬಾಗಿಲು ತೆರೆದು ಕಾರಿಡಾರಿಗೆ ಹೋದೆ. ಅಲ್ಲಿ ನಿಂತು ನನ್ನ ಮನಸ್ಸನ್ನು ನಾನೇ ನೋಡಿಕೊಂಡು ಬೆಚ್ಚಿಬಿದ್ದೆ. ಅವರು ಗೆಲ್ಲಲಿ ಎಂದು ಬೇಡಿಕೊಳ್ಳುತ್ತಿದ್ದೆ, ನಿಜ. ಆದರೆ ನಾನಿಲ್ಲದೆ ಗೆದ್ದರೆ ನನ್ನ ಮೇಲಿನ ಆರೋಪ ಶಾಶ್ವತವಾಗುತ್ತದೆ. ಸೋತರೆ ನಾನು ನಿರಪರಾಧಿ. ಒಳ್ಳೆಯ ಮನುಷ್ಯನೊಬ್ಬನ ತಮ್ಮನ ಮಾನ ಒಂದು ಕಡೆ, ನನ್ನ ಮಾನ ಇನ್ನೊಂದು ಕಡೆ. ಕೀರನ್ ಗೆಲ್ಲಲಪ್ಪ, ನನ್ನದು ಹೇಗೂ ಹೋಗಿದೆ ಎಂದು ನಿರ್ಧರಿಸಿದೆ. ಇದನ್ನು ಹೇಳಿಕೊಳ್ಳುವಾಗ ಈಗಲೂ ಎದೆ ಸ್ವಲ್ಪ ಉಬ್ಬುತ್ತದೆ.

ಆಗಲೇ ಪಕ್ಕದಲ್ಲಿ ಏನೋ ಸದ್ದಾಯಿತು. ನೋಡಿದರೆ, ತನ್ನ ಬಾಗಿಲ ಮುಂದಿನ ಚಪ್ಪಲಿ ಸ್ಟ್ಯಾಂಡಿಗೆ ಮುಖ ಮಾಡಿ, ಎರಡೂ ಕಿವಿಗೆ ಬೆರಳಿಟ್ಟುಕೊಂಡು ಡೆಕ್ಲನ್ ನಿಂತಿದ್ದ.

"ನೀನು ಇಲ್ಲಿ? ಪಂದ್ಯ?" ಎಂದು ಅವನ ಭುಜ ತಟ್ಟಿ ಕೇಳಿದೆ.

ಅವನು ಬೆರಳು ತೆಗೆದು ತಲೆ ತಗ್ಗಿಸಿದ. "ನಿನಗೆ ಹೇಳಬೇಕಿತ್ತು. ನಾನು ನೋಡಿದರೆ ನಮ್ಮವರು ಸೋಲುತ್ತಾರೆ. ಚಿಕ್ಕಂದಿನಿಂದಲೂ ಹಾಗೇ. ಪಂದ್ಯದ ದಿನ ಅಮ್ಮ ನನ್ನನ್ನು ಕೊಟ್ಟಿಗೆಗೆ ಕಳಿಸುತ್ತಿದ್ದಳು. ಇಲ್ಲಿ ಯಾರಿಗೂ ಗೊತ್ತಿಲ್ಲವಲ್ಲ ಅಂತ ಆಸೆಪಟ್ಟೆ. ಮೂರು ಪಂದ್ಯವನ್ನೂ ನಾನೇ ಸೋಲಿಸಿದೆ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನೀನಲ್ಲ, ನಾನು!" ಎಂದೆ.

ಕೊಟ್ಟಿಗೆ ದೊಡ್ಡದೋ ಗಿರಣಿ ದೊಡ್ಡದೋ ಎಂದು ನಾವಿಬ್ಬರೂ ಮಾಸ್ಕಿನೊಳಗಿಂದ ವಾದಕ್ಕೆ ನಿಂತೆವು. ಅವನು ಎಂದೋ ಸೋತ ಫೈನಲ್ಲೊಂದನ್ನು ಹೊರತೆಗೆದ. ನಾನು ಒಂದಾದ ಮೇಲೊಂದರಂತೆ ವಿಶ್ವಕಪ್ಪುಗಳನ್ನೇ ಮುಂದಿಟ್ಟೆ. ನಿನ್ನದು ಬರೀ ಒಂದು ಜಿಲ್ಲೆ ಮಾರಾಯ, ನನ್ನದು ಇಡೀ ದೇಶ ಎಂದೆ. "ಎರಡನೆಯ ಪಂದ್ಯದಲ್ಲಿ ನೀನು ಅರ್ಧ ಹೊತ್ತು ಆಫೀಸಿನ ಕರೆಯಲ್ಲಿದ್ದೆ, ಆ ಅರ್ಧದಲ್ಲೇ ಸೋತದ್ದು" ಎಂದು ಅವನು ಮೇಷ್ಟ್ರ ಜಾಣತನ ತೋರಿಸಿದ. ಕರೆಯಲ್ಲಿದ್ದರೂ ಓರೆಗಣ್ಣಿನಲ್ಲಿ ನೋಡುತ್ತಲೇ ಇದ್ದೆ ಎಂದು ನಾನು ಬಿಟ್ಟುಕೊಡಲಿಲ್ಲ. ದನಿ ಏರಿತು, ಗಂಟೆ ಕಳೆದದ್ದೇ ತಿಳಿಯಲಿಲ್ಲ. ಎದುರುಮನೆಯ ಚೀನೀ ಅಜ್ಜಿ ಬಾಗಿಲು ತೆರೆದು, ನೋಡಿ, ಮುಚ್ಚಿಕೊಂಡಳು.

ಅಷ್ಟರಲ್ಲಿ ನಮ್ಮ ಮನೆಯೊಳಗಿಂದ "ಒದಿಯೋ! ಒದಿಯೋ ಕೀರನ್ನೂ!" ಎಂಬ ಆರ್ಭಟ ಕೇಳಿಸಿತು. ಆಟವೆಂದರೆ ಮೂಗು ಮುರಿಯುತ್ತಿದ್ದ ಸುಧಾ. ಮರುಕ್ಷಣ ಅವಳು ಬಾಗಿಲಿಗೆ ಓಡಿ ಬಂದಳು. "ಗೆದ್ರು ರೀ! ಒಂದೇ ಪಾಯಿಂಟು! ಕೀರನ್ನೇ ಹೊಡೆದ, ಕುಂಟ್ಕೊಂಡು ಬಂದು! ನೀವಿಬ್ರೂ ಇಲ್ಲಿ ಏನ್ರೀ ಮಾಡ್ತಿದೀರ?" ಡೆಕ್ಲನ್ ಚಪ್ಪಲಿಗಳ ಮಧ್ಯೆಯೇ ಕುಸಿದು ಕುಳಿತು ಅತ್ತ. ನನ್ನ ಕಣ್ಣಿನಲ್ಲೂ ನೀರು ಬಂತು, ಮೆಣಸಿನಕಾಯಿಯದಲ್ಲ. ಅವನ ಫೋನು ಬಡಿದುಕೊಂಡಿತು, ಊರಿನಿಂದ ಅಮ್ಮ. ಆಕೆಯ ಮೊದಲ ಪ್ರಶ್ನೆ ನನಗೂ ಕೇಳಿಸಿತು. "ನೀನು ಎಲ್ಲಿದ್ದೆ?"

"ಹೊರಗಿದ್ದೆ ಅಮ್ಮ."

"ನನ್ನ ಬಂಗಾರ" ಎಂದರು ಆಕೆ.

ಮರುದಿನ ಡೆಕ್ಲನ್ ಬಾಲ್ಕನಿಯಿಂದ ಬಗ್ಗಿ ಒಂದು ಏರ್ಪಾಡನ್ನು ಮುಂದಿಟ್ಟ. ಮುಂದಿನ ಲೀಗಿನಲ್ಲಿ ನೀನೊಬ್ಬನೇ ನೋಡು, ನಾನು ಕಾರಿಡಾರಿನಲ್ಲಿರುತ್ತೇನೆ, ಅವರು ಗೆದ್ದರೆ ನಿನ್ನ ಮೇಲೆ ಯಾವ ದೋಷವೂ ಇಲ್ಲವೆಂದು ಸಾಬೀತಾಗುತ್ತದೆ ಎಂದ. ಹಿಟ್ಟಿನ ಗಿರಣಿಯ ಕಾಲದಿಂದ ನಾನು ಕಾದಿದ್ದ ಮಾತು. ಕುಣಿದಾಡಬೇಕಿತ್ತು. ಆದರೆ ಯೋಚಿಸಿದಷ್ಟೂ ಅದು ನಷ್ಟದ ವ್ಯವಹಾರವಾಗಿ ಕಂಡಿತು. ನಾನು ನಿರಪರಾಧಿಯಾದರೆ ಅಷ್ಟೂ ವಿಶ್ವಕಪ್ಪುಗಳು ನನ್ನ ಕೈಬಿಟ್ಟು ಹೋಗುತ್ತವೆ. ಇಷ್ಟು ವರ್ಷ ಒಂದು ದೇಶದ ಸೋಲು ಗೆಲುವನ್ನು ಚೀಲದಲ್ಲಿ ಹೊತ್ತು ತಿರುಗಿದವನು ಒಮ್ಮೆಲೇ ಬರೀ ಒಬ್ಬ ಪ್ರೇಕ್ಷಕನಾಗಿಬಿಡುತ್ತೇನೆ, ಕ್ಯಾಮೆರಾ ಕೂಡ ಅತ್ತ ತಿರುಗಿ ನೋಡದಂಥವನು. ಬೇಡ ಎಂದು ಖಡಾಖಂಡಿತವಾಗಿ ಹೇಳಿದೆ. ಅವನೂ ತನ್ನ ಹಕ್ಕು ಬಿಡಲು ತಯಾರಿರಲಿಲ್ಲ. ಗೋಡೆಯ ಮೇಲೆ ಮೊಣಕೈ ಊರಿ ಬಹಳ ಹೊತ್ತು ಚೌಕಾಸಿ ನಡೆಯಿತು. ಕೊನೆಗೆ, ನೆರೆಮನೆಯವನೆಂಬ ಒಂದೇ ದಾಕ್ಷಿಣ್ಯಕ್ಕೆ, ಎರಡನೆಯ ಪಂದ್ಯದ ಸೋಲನ್ನು ಅವನಿಗೆ ಬಿಟ್ಟುಕೊಟ್ಟೆ. ಉಳಿದೆರಡು ನನ್ನವೇ.